ಹಳೇ ಡೆಸ್ಕ್‌ಟಾಪಿಗೆ ಎಂತ ಹಾಕೋದು, ಎಂತ ಹಾಕ್ಬಾರ್ದು

ಶಿರಸಿ ಹತ್ರ ಹಳ್ಳೀಲಿರೋ ನಮ್ಮ ದೊಡ್ಡಪ್ಪನ ಮನೇಲಿ 2012ರಲ್ಲಿ ತಗಂಡ ಒಂದು ಡೆಸ್ಕ್‌ಟಾಪ್ ಇದೆ. ಐ3 ಪ್ರೊಸೆಸರ್, 2 ಜಿಬಿ ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್, ಆ ಕಾಲಕ್ಕೆ ನಮ್ಮ ಕೇರಿಗೇ ದೊಡ್ಡ ಕಂಪ್ಯೂಟರ್ ಅದು. ಈಗ ಅದರ ಕೆಲಸ ಅಡಿಕೆ ಲೆಕ್ಕ ಬರೆಯೋದು, ನುಡಿ ಸಾಫ್ಟ್‌ವೇರಲ್ಲಿ ಸಂಘದ ಪತ್ರ ಟೈಪ್ ಮಾಡೋದು, ಮೊಮ್ಮಗಳ ಜೊತೆ ವಿಡಿಯೋ ಕಾಲ್, ಇಷ್ಟೇ. ಆದ್ರೆ ಸ್ವಿಚ್ ಹಾಕಿ ಕೊಟ್ಟಿಗೆಗೆ ಹೋಗಿ ಹಾಲು ಕರ್ಕಂಡು ಬಂದ್ರೂ ಅದು ಇನ್ನೂ ಗರಗರ ಅಂತಾನೇ ಇರ್ತಿತ್ತು.

"ಅಪ್ಪಿ, ಇದ್ರ ಕಥೆ ಆತು ಕಾಣ್ತು, ಹೊಸಾದೇ ತಗಂಡ್ರೆ ಚೊಲೋ ಅಲ್ದಾ?" ಅಂತ ಫೋನು. ಒಂದು ಭಾನುವಾರ ಸ್ಕ್ರೂಡ್ರೈವರ್ ಹಿಡ್ಕಂಡು ಹೋದೆ, ಒಟ್ಟು ಖರ್ಚು ಮೂರೂವರೆ ಸಾವಿರದ ಒಳಗೆ ಮುಗೀತು, ಈಗ ಅರ್ಧ ನಿಮಿಷದೊಳಗೆ ಆನ್ ಆಗುತ್ತೆ. ಹಾಗಂತ ಹಳೇದಕ್ಕೆಲ್ಲ ದುಡ್ಡು ಸುರೀರಿ ಅಂತ ನಾನು ಹೇಳಲ್ಲ, ಕೆಲವಕ್ಕೆ ಒಂದು ರೂಪಾಯಿನೂ ಹಾಕ್ಬಾರ್ದು, ಅದೂ ಕೆಳಗೆ ಬರುತ್ತೆ. ಇನ್ನೊಂದು, ಸಿಟಿಯವ್ರು ಮಾಡಿದ ವಿಡಿಯೋ ನೋಡಿ ಅದೇ ಥರ ಮಾಡಿದ್ರೆ ನಮ್ಮ ಕಡೆಗೆ ಅರ್ಧ ಕೆಲಸ ಆದಂಗೆ. ಘಟ್ಟದ ಮೇಲೆ ನಾನು ನೋಡಿದ ಸತ್ತ ಕಂಪ್ಯೂಟರುಗಳಲ್ಲಿ ಬಹಳಷ್ಟು ಸತ್ತಿದ್ದು ತಂಡಿ, ಅಂದ್ರೆ ಹಸಿ ಹವೆ, ಮತ್ತೆ ಕರೆಂಟಿಂದ, ಘಟ್ಟದ ಕೆಳಗೆ ಕುಮಟಾ ಅಂಕೋಲಾ ಕಾರವಾರದ ಕಡೆ ಇವೆರಡರ ಜೊತೆ ಉಪ್ಪು ಗಾಳಿನೂ ಸೇರ್ಕೊಳ್ಳುತ್ತೆ. ಹಂಗಾಗಿ ನನ್ನ ಲೆಕ್ಕದಲ್ಲಿ ಪಾರ್ಟ್ ತರೋದು ಮೂರನೇ ಕೆಲಸ.

ಮೊದ್ಲು ಬಿಚ್ಚದೇ ನೋಡಿ

ಕಂಪ್ಯೂಟರ್ ಸ್ಲೋ ಅಂದ್ರೆ ಯಾವುದ್ರಿಂದ ಸ್ಲೋ ಅಂತ ಮೊದ್ಲು ಗೊತ್ತಾಗ್ಬೇಕು. ವಿಂಡೋಸ್ 10 ಇದ್ರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತೆ, ಅದರಲ್ಲಿ ಪರ್ಫಾರ್ಮೆನ್ಸ್ ಅಂತ ಇರುತ್ತೆ. ಅಲ್ಲಿ ಡಿಸ್ಕ್ ಯಾವಾಗ್ಲೂ 100% ತೋರಿಸ್ತಾ ಸಿಪಿಯು 10-20ರಲ್ಲೇ ಆರಾಮಾಗಿ ಕೂತಿದ್ರೆ ನಿಮ್ಮ ಪ್ರೊಸೆಸರಿಗೆ ಎಂತದೂ ಆಗಿಲ್ಲ, ಹಾರ್ಡ್ ಡಿಸ್ಕೇ ಎಳೀತಾ ಇರೋದು. ಮೆಮೊರಿ 90% ಮೇಲೆ ಇದ್ರೆ ರ‍್ಯಾಮ್ ಸಾಲ್ತಾ ಇಲ್ಲ. ಮೆಮೊರಿ ಮೇಲೆ ಕ್ಲಿಕ್ ಮಾಡಿದ್ರೆ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ, ಸ್ಪೀಡ್ ಎಷ್ಟು ಅನ್ನೋದೂ ಅಲ್ಲೇ ಕಾಣುತ್ತೆ. ದೊಡ್ಡಪ್ಪನ ಮನೇದು ಎರಡೂ ಕೆಂಪಾಗಿತ್ತು ಬಿಡಿ.

ಆಮೇಲೆ ಸಿಪಿಯು-ಝಡ್ ಅಂತ ಒಂದು ಫ್ರೀ ಸಾಫ್ಟ್‌ವೇರ್ ಇದೆ, ಹಾಕಿದ್ರೆ ಮದರ್‌ಬೋರ್ಡ್, ಅಂದ್ರೆ ಪಾರ್ಟೆಲ್ಲ ಕೂರೋ ದೊಡ್ಡ ಬೋರ್ಡ್, ಅದರ ಮಾಡೆಲ್, ರ‍್ಯಾಮ್ ಯಾವ ತಲೆಮಾರಿಂದು, ಡಿಡಿಆರ್2ನಾ 3ನಾ ಎಲ್ಲಾ ಹೇಳುತ್ತೆ. ಇದನ್ನ ಚೀಟೀಲಿ ಬರ್ಕೊಳ್ಳಿ. ಮೊಬೈಲಲ್ಲಿ ಫೋಟೋ ತೆಗೆದ್ರೂ ಆಯ್ತು. ನಮ್ಮೂರಿನ ಅಂಗಡೀಲಿ "ಹಳೇ ಕಂಪ್ಯೂಟರಿಗೆ ರ‍್ಯಾಮ್ ಕೊಡಿ" ಅಂದ್ರೆ ಅವ್ರು ಯಾವ್ದು ಅಂತ ಕೇಳ್ತಾರೆ, ನೀವು ಕಪ್ಪು ಬಣ್ಣದ್ದು ಅಂತ ಹೇಳಿ ವಾಪಸ್ ಬರ್ತೀರಿ, 20 ಕಿಲೋಮೀಟರ್ ಬಸ್ಸು ದಂಡ. ಹಾಗೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಹಾರ್ಡ್ ಡಿಸ್ಕಿನ ಆರೋಗ್ಯ ನೋಡಿ. ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದ್ರೆ ಬೇರೆ ಎಲ್ಲಾ ಬಿಟ್ಟು ಅವತ್ತೇ ಫೋಟೋ, ಲೆಕ್ಕದ ಫೈಲು ಪೆನ್‌ಡ್ರೈವಿಗೋ ಎಲ್ಲಿಗೋ ಕಾಪಿ ಮಾಡ್ಕೊಳ್ಳಿ. ಬಣ್ಣ ನೀಲಿ ಇದ್ರೂ ಕಾಪಿ ಮಾಡಿ, ಬಿಚ್ಚೋ ಮೊದ್ಲು ಕಾಪಿ ಮಾಡ್ಲೇಬೇಕು.

ಇನ್ನೊಂದು ಸಣ್ಣ ವಿಷಯ. ಆನ್ ಮಾಡಿದಾಗೆಲ್ಲ ತಾರೀಕು ಹಿಂದಕ್ಕೆ ಹೋಗಿ ಯಾವ್ದೋ ಹಳೇ ವರ್ಷ ತೋರಿಸುತ್ತೆ, ಬ್ಯಾಂಕಿನ ಸೈಟ್ ತೆಗೆದ್ರೆ ಸೇಫ್ ಅಲ್ಲ ಅಂತ ಬರುತ್ತೆ, ಇದನ್ನ ನೋಡಿ ಸುಮಾರು ಜನ ವೈರಸ್ ಅಂದ್ಕೊಳ್ತಾರೆ. ಅದು ಮದರ್‌ಬೋರ್ಡ್ ಮೇಲಿರೋ ಬಿಲ್ಲೆ ಬ್ಯಾಟರಿ ಮುಗಿದಿರೋದು, ಸಿಆರ್2032, ವಾಚ್ ರಿಪೇರಿ ಅಂಗಡೀಲೂ ಸಿಗುತ್ತೆ. ಹೆಂಗೂ ಬಿಚ್ತೀರಿ, ಒಂದು ತಂದಿಟ್ಕೊಳ್ಳಿ.

ಜಗಲಿಗೆ ತಂದು ಬಿಚ್ಚೋದು

ಇದನ್ನ ಏಪ್ರಿಲ್ ಮೇ ಒಳಗೆ ಮಾಡ್ಕೊಳ್ಳಿ. ಜೂನ್ ಹಿಡಿದ ಮೇಲೆ ಗಾಳೀಲೇ ನೀರಿರುತ್ತೆ, ಅದ್ರಲ್ಲಿ ಕ್ಯಾಬಿನೆಟ್ ಬಿಚ್ಚಿಟ್ಕಂಡು ಕೂತ್ರೆ ಒಣಗೋದಿಲ್ಲ.

ಎಲ್ಲಾ ವೈರು ತೆಗೀರಿ, ಪ್ಲಗ್ ಕಿತ್ತ ಮೇಲೆ ಪವರ್ ಬಟನ್ ಒಂದ್ಸಲ ಐದಾರು ಸೆಕೆಂಡ್ ಒತ್ತಿ ಹಿಡೀರಿ, ಒಳಗೆ ಉಳಿದ ಕರೆಂಟ್ ಖಾಲಿ ಆಗುತ್ತೆ. ಎಡಗಡೆ ಬಾಗಿಲು ತೆಗೆದ ಕೂಡ್ಲೇ ಕೈ ಹಾಕ್ಬೇಡಿ, ಮೊದ್ಲು ನಾಲ್ಕು ಫೋಟೋ ತೆಗೀರಿ. ಯಾವ ವೈರು ಎಲ್ಲಿತ್ತು ಅನ್ನೋದು ಬಿಚ್ಚುವಾಗ ಎಲ್ಲರಿಗೂ ನೆನಪಿರುತ್ತೆ, ಹಾಕುವಾಗ ಯಾರಿಗೂ ಇರಲ್ಲ, ಅದ್ರಲ್ಲೂ ಮುಂದಿನ ಬಟನ್ನಿಗೆ ಹೋಗೋ ಸಣ್ಣ ಸಣ್ಣ ಪಿನ್ ವೈರು. ಕ್ಯಾಬಿನೆಟ್ಟಿನ ಬಣ್ಣ ಇಲ್ಲದ ತಗಡನ್ನ ಆಗಾಗ ಮುಟ್ತಾ ಇರಿ, ಮೈಮೇಲಿನ ಸ್ಟ್ಯಾಟಿಕ್ ಹೋಗುತ್ತೆ. ನಮ್ಮ ತಂಡಿ ಹವೆಗೆ ಅದರ ಕಾಟ ಕಮ್ಮಿ, ಆದ್ರೂ ಬೇಸಿಗೇಲಿ ಪಾಲಿಯೆಸ್ಟರ್ ಶರ್ಟ್ ಹಾಕ್ಕಂಡು ಕೂರ್ಬೇಡಿ.

ಒಳಗೆ ಏನಿರುತ್ತೆ ಅಂತ ಹೇಳೋಕಾಗಲ್ಲ. ದೊಡ್ಡಪ್ಪನ ಮನೇದ್ರಲ್ಲಿ ಹಲ್ಲಿ ಮೊಟ್ಟೆ ಎರಡು, ಇರುವೆ ಗೂಡಿನ ಮಣ್ಣು, ಮತ್ತೆ ಪ್ರೊಸೆಸರ್ ಫ್ಯಾನಿನ ಕೆಳಗೆ ಕಂಬಳಿ ಥರ ಧೂಳು, ಅಡಿಕೆ ಬೇಯಿಸೋ ಹೊಗೆ ಹಿಡಿದು ಅಂಟಂಟಾಗಿತ್ತು. ಪೇಂಟ್ ಬ್ರಶ್ಶು ಸಾಕು, ಹೊಸಾದಿರ್ಲಿ. ಬ್ಲೋವರ್ ಇದ್ರೆ ಚೊಲೋ, ಆದ್ರೆ ಗಾಳಿ ಬಿಡುವಾಗ ಫ್ಯಾನಿನ ರೆಕ್ಕೆ ಬೆರಳಲ್ಲಿ ಹಿಡ್ಕೊಳ್ಳಿ, ಸುಮ್ನೆ ಬಿಟ್ರೆ ಅದು ಹುಚ್ಚು ಹಿಡಿದಂಗೆ ತಿರುಗಿ ಬೇರಿಂಗ್ ಹೋಗುತ್ತೆ. ಎಸ್‌ಎಂಪಿಎಸ್ ಪೆಟ್ಟಿಗೆನ (ಒಳಗಿನ ಪಾರ್ಟಿಗೆಲ್ಲ ಕರೆಂಟ್ ಕೊಡೋದು) ಮಾತ್ರ ಬಿಚ್ಲೇಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್ ಕರೆಂಟ್ ಹಿಡ್ಕಂಡಿರುತ್ತೆ. ಹೊರಗಿಂದ್ಲೇ ಊದಿ.

ರ‍್ಯಾಮ್ ತೆಗೆದು ಅದರ ಬಂಗಾರ ಬಣ್ಣದ ಪಟ್ಟಿಯನ್ನ ಮಕ್ಕಳ ಪೆನ್ಸಿಲ್ ರಬ್ಬರಿಂದ ಮೆಲ್ಲಗೆ ಉಜ್ಜಿ, ರಬ್ಬರಿನ ಪುಡಿ ಬ್ರಶ್ಶಲ್ಲಿ ಕೊಡವಿ. ನಗಬೇಡಿ, ಕಾರವಾರದಲ್ಲಿ ಸಮುದ್ರದ ಕಡೆ ಕಿಟಕಿ ಇರೋ ಒಂದು ಝೆರಾಕ್ಸ್ ಅಂಗಡೀಲಿ ನನ್ನ ಸ್ನೇಹಿತನ ಕಂಪ್ಯೂಟರ್ ಬೀಪ್ ಬೀಪ್ ಅಂತ ಕೂಗ್ತಾ ಸ್ಕ್ರೀನೇ ಬರ್ತಿರ್ಲಿಲ್ಲ, ಯಾರೋ ಮದರ್‌ಬೋರ್ಡ್ ಹೋಗಿದೆ ಅಂತ ಹೇಳಿ ಹೊಸ ಬೋರ್ಡಿನ ರೇಟೂ ಹೇಳಿದ್ರಂತೆ, ಐದು ರೂಪಾಯಿ ರಬ್ಬರಲ್ಲಿ ಸರಿಹೋಯ್ತು. ಆ ಕಂಪ್ಯೂಟರಿನ ಹಿಂದಿನ ಯುಎಸ್‌ಬಿ ಪೋರ್ಟೆಲ್ಲ ತುಕ್ಕು ಹಿಡಿದು ಕೆಂಪಾಗಿತ್ತು, ಉಪ್ಪು ಗಾಳಿ ಅಂದ್ರೆ ಅದೇ. ಟೇಬಲ್ ಕಿಟಕಿಯಿಂದ ಒಳಗಿನ ಗೋಡೆಗೆ ಸರಿಸಿದ್ದೇ ಅಲ್ಲಿ ದೊಡ್ಡ ಅಪ್‌ಗ್ರೇಡ್.

ಹಾಗೇ ಬೋರ್ಡ್ ಮೇಲೆ ಡ್ರಮ್ಮಿನ ಥರ ನಿಂತಿರೋ ಕೆಪಾಸಿಟರುಗಳ ನೆತ್ತಿ ನೋಡಿ. ಚಪ್ಪಟೆ ಇರ್ಬೇಕು. ಉಬ್ಬಿದ್ರೆ, ಕಂದು ರಸ ಸುರಿದಿದ್ರೆ ಆ ಬೋರ್ಡಿಗೆ ದುಡ್ಡು ಹಾಕೋ ಮಾತೇ ಬೇಡ, ಇಲ್ಲಿಗೇ ನಿಲ್ಸಿ.

ಕರೆಂಟು

ಇದನ್ನ ಯಾರೂ ಅಪ್‌ಗ್ರೇಡ್ ಅಂತ ಎಣಿಸೋದಿಲ್ಲ, ಆದ್ರೆ ಹೊಸ ಪಾರ್ಟ್ ಹಾಕಿ ಮೊದಲನೇ ಗುಡುಗಿಗೆ ಸುಟ್ಕಂಡವ್ರನ್ನ ಕೇಳಿ. ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಟೆಸ್ಟರ್ ಇಟ್ರೆ ಮಿಣುಕುತ್ತಾ? ಅರ್ಥಿಂಗ್ ಸರಿ ಇಲ್ಲ ಅಂತ. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ರೆ ಅರ್ಥಿಂಗೇ ಇಲ್ಲ. ನಮ್ಮ ಚಿರೆಕಲ್ಲಿನ ಮಣ್ಣು ಮೇ ತಿಂಗಳಲ್ಲಿ ಒಣಗಿ ಕಲ್ಲಾಗಿರುತ್ತೆ, ಅರ್ಥ್ ಗುಂಡಿಗೆ ಬೇಸಿಗೇಲಿ ಆಗಾಗ ನೀರು ಹಾಕ್ಬೇಕು, ಹಳೇ ಗುಂಡಿ ಆಗಿದ್ರೆ ಎಲೆಕ್ಟ್ರಿಷಿಯನ್ ಕರೆಸಿ ಇದ್ದಲು ಉಪ್ಪು ಹಾಕಿ ಸರಿ ಮಾಡ್ಸಿ.

ಯುಪಿಎಸ್ ಇದ್ರೆ ಅದರ ಬ್ಯಾಟರಿ ಎಷ್ಟು ಹಳೇದು ನೋಡಿ. ಮನೆ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್ 7 ಎಎಚ್ ಬ್ಯಾಟರಿ ಇರುತ್ತೆ, ಎರಡು ಮೂರು ವರ್ಷಕ್ಕೆ ಸೋಲುತ್ತೆ. ಕರೆಂಟ್ ಹೋದ ಕೂಡ್ಲೇ ಕಂಪ್ಯೂಟರೂ ಹೋದ್ರೆ ಬ್ಯಾಟರಿ ಅಷ್ಟೇ ಬದಲಾಯಿಸಿ, ಹೊಸ ಯುಪಿಎಸ್ ಬೇಡ.

ಸಿಡಿಲಿಗೆ ಮಾತ್ರ ಯುಪಿಎಸ್ ಔಷಧಿ ಅಲ್ಲ. ಆಕಾಶ ಕಪ್ಪಾದ್ರೆ ಪ್ಲಗ್ ಕೀಳಿ, ಜೊತೆಗೆ ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲೂ ಕೀಳಿ. ಹಿಂದೆ ಟೆಲಿಫೋನ್ ತಂತಿ ಮೇಲೆ ಬಂದು ಮೋಡೆಮ್ಮು, ಅದರಿಂದ ಬೋರ್ಡು ಎರಡೂ ಹೊಡೀತಿತ್ತು. ಈಗಿನ ಫೈಬರ್ ದಾರ ಗಾಜಿಂದು, ಅದ್ರಲ್ಲಿ ಕರೆಂಟ್ ಬರಲ್ಲ, ಆದ್ರೆ ಆ ಪೆಟ್ಟಿಗೆಗೆ ಹಾಕಿರೋ ಅಡಾಪ್ಟರಿಂದ ಬರ್ಬಹುದಲ್ಲ. ಅದನ್ನೂ ಕಿತ್ತಿಡಿ.

ಈಗ ಎಸ್‌ಎಸ್‌ಡಿ

ಒಂದೇ ಪಾರ್ಟಿಗೆ ದುಡ್ಡಿದೆ ಅಂದ್ರೆ ಹಾರ್ಡ್ ಡಿಸ್ಕಿನ ಬದ್ಲು ಕೂರೋ ಎಸ್‌ಎಸ್‌ಡಿ ಹಾಕ್ಸಿ, ಕಣ್ಣು ಮುಚ್ಚಿ. ಹಾರ್ಡ್ ಡಿಸ್ಕ್ ಒಳಗೆ ತಟ್ಟೆ ತಿರುಗುತ್ತೆ, ಮುಳ್ಳು ಓಡಾಡಿ ಹುಡುಕುತ್ತೆ, ಒಂದೊಂದು ಹುಡುಕಾಟಕ್ಕೆ 10 ಮಿಲಿಸೆಕೆಂಡ್ ಆಸುಪಾಸು. ಎಸ್‌ಎಸ್‌ಡಿಯಲ್ಲಿ ತಿರುಗೋದು ಏನೂ ಇಲ್ಲ, ಹುಡುಕಾಟ 0.1 ಮಿಲಿಸೆಕೆಂಡ್. ವಿಂಡೋಸ್ ಆನ್ ಆಗೋದು ಅಂದ್ರೆ ಸಾವಿರಾರು ಸಣ್ಣ ಫೈಲ್ ಹುಡುಕೋದು, ವ್ಯತ್ಯಾಸ ಅಲ್ಲೇ ಬರೋದು.

ನಿಮಗೆ ಬೇಕಾಗಿದ್ದು 2.5 ಇಂಚಿನ, ಹಳೇ ಡಿಸ್ಕಿನ ಥರಾನೇ ಕೇಬಲ್ಲಲ್ಲಿ ಸೇರೋ ಸಾಟಾ ಎಸ್‌ಎಸ್‌ಡಿ, 240 ಅಥವಾ 256 ಜಿಬಿ ಸಾಕು. ಚೂಯಿಂಗ್ ಗಮ್ ಪಟ್ಟಿ ಥರ ಇರೋ ಎನ್‌ವಿಎಂಇ ತರ್ಬೇಡಿ, ಇಷ್ಟು ಹಳೇ ಬೋರ್ಡಲ್ಲಿ ಅದಕ್ಕೆ ಜಾಗ ಇಲ್ಲ, ಕಾರ್ಡ್ ಹಾಕಿ ಜೋಡಿಸಿದ್ರೂ ಹಳೇ ಬಯಾಸ್ (ಆನ್ ಮಾಡಿದ ಕೂಡ್ಲೇ ಬೋರ್ಡಲ್ಲಿ ಓಡೋ ಮೊದಲ ಸಾಫ್ಟ್‌ವೇರ್) ಅದರಿಂದ ಬೂಟ್ ಮಾಡಲ್ಲ. ಡಬ್ಬದ ಮೇಲೆ 550 ಎಂಬಿ ಸ್ಪೀಡ್ ಅಂತ ಇರುತ್ತೆ. 2011-12ರ ಕಾಲದ ಎಚ್61 ಚಿಪ್‌ಸೆಟ್ ಬೋರ್ಡಿನ ಸಾಟಾ ಪೋರ್ಟು 3 ಗಿಗಾಬಿಟ್ಟಿಂದು, ಅದ್ರಲ್ಲಿ ಅರ್ಧ ಸ್ಪೀಡಷ್ಟೇ ಬರುತ್ತೆ, ತಲೆ ಕೆಡಿಸ್ಕೋಬೇಡಿ, ಹಳೇ ಡಿಸ್ಕಿನ ಮುಂದೆ ಅದೂ ಎಕ್ಸ್‌ಪ್ರೆಸ್ ಬಸ್ಸೇ.

ಜೋಡಿಸೋದು ಸುಲಭ. ಸಾಟಾ ಡೇಟಾ ಕೇಬಲ್ ಒಂದು, ಪವರ್ ಕನೆಕ್ಟರ್ ಒಂದು, ಎರಡೂ ಎಲ್ ಆಕಾರ ಇರೋದ್ರಿಂದ ಉಲ್ಟಾ ಹೋಗಲ್ಲ. ಕೇಬಲ್ ಇಲ್ಲಾ ಅಂದ್ರೆ ಡಿವಿಡಿ ಡ್ರೈವಿಂದು ಕಿತ್ಕೊಳ್ಳಿ, ಯಾರು ಈಗ ಸಿಡಿ ಹಾಕ್ತಾರೆ. ತೀರಾ ಹಳೇ ಎಸ್‌ಎಂಪಿಎಸ್ ಆದ್ರೆ ನಾಲ್ಕು ದಪ್ಪ ಪಿನ್ನಿನ ಬಿಳಿ ಕನೆಕ್ಟರ್ ಮಾತ್ರ ಇರುತ್ತೆ, ಅದಕ್ಕೆ ಕನ್ವರ್ಟರ್ ಸಿಗುತ್ತೆ, ಆದ್ರೆ ಪ್ಲಾಸ್ಟಿಕ್ ಕರಗಿಸಿ ಎರಕ ಹೊಯ್ದ ಥರದ್ದು ಬೇಡ, ಒಳಗೇ ಶಾರ್ಟ್ ಆಗಿ ಸುಡ್ತವೆ, ವೈರು ಒತ್ತಿ ಸಿಕ್ಕಿಸಿದ್ದು ನೋಡಿ ತಗೊಳ್ಳಿ. ಕ್ಯಾಬಿನೆಟ್ಟಲ್ಲಿ ಕೂರಿಸೋಕೆ ಬ್ರಾಕೆಟ್ ಬರುತ್ತೆ, ಇಲ್ಲಾ ಅಂದ್ರೆ ಡಬಲ್ ಟೇಪಲ್ಲಿ ಅಂಟಿಸಿದ್ರೂ ನಡೆಯುತ್ತೆ, ಅಲ್ಲಾಡೋ ಪಾರ್ಟ್ ಇಲ್ಲ ಅದ್ರಲ್ಲಿ.

ವಿಂಡೋಸ್ ಹೊಸದಾಗಿ ಹಾಕೋದೇ ಒಳ್ಳೇದು, ಹತ್ತು ವರ್ಷದ ಕಸ ಕ್ಲೋನ್ ಮಾಡಿ, ಅಂದ್ರೆ ಇದ್ದಂಗೇ ಕಾಪಿ ಹೊಡೆದು, ಹೊಸ ಮನೆಗೆ ಯಾಕೆ ತರ್ಬೇಕು. ಆದ್ರೆ ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಇದೆ, ಅದನ್ನ ಮತ್ತೆ ಹಾಕೋರು ಯಾರೂ ಇಲ್ಲ ಅಂದ್ರೆ ಕ್ಲೋನೆಜಿಲ್ಲಾ ಅಂತ ಫ್ರೀ ಸಾಫ್ಟ್‌ವೇರಲ್ಲಿ ಕ್ಲೋನ್ ಮಾಡಿ, ಮೊದ್ಲೇ ನೆನಪಿಡಿ, 500 ಜಿಬಿ ಡಿಸ್ಕನ್ನ 256ಕ್ಕೆ ನೇರ ಕ್ಲೋನ್ ಮಾಡೋಕಾಗಲ್ಲ, ಪಾರ್ಟಿಶನ್ ಕುಗ್ಗಿಸ್ಬೇಕು, ಗೊತ್ತಿಲ್ಲದಿದ್ರೆ ಅಂಗಡೀಲೇ ಮಾಡ್ಸಿ. ಹೊಸದಾಗಿ ಹಾಕುವಾಗ ಒಂದು ಕೆಲಸ ಮರೀಬೇಡಿ: ಹಳೇ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಟ್ಟು ಆಮೇಲೆ ಇನ್‌ಸ್ಟಾಲ್ ಮಾಡಿ. ಎರಡೂ ಇದ್ರೆ ವಿಂಡೋಸ್ ತನ್ನ ಬೂಟ್ ಫೈಲನ್ನ ಹಳೇದ್ರಲ್ಲೇ ಇಟ್ಟು, ಅದು ಸತ್ತ ದಿನ ಹೊಸದೂ ಏಳೋದಿಲ್ಲ. ವಿಂಡೋಸ್ 10 ಮೊದ್ಲೇ ಆಕ್ಟಿವೇಟ್ ಆಗಿತ್ತು ಅಂದ್ರೆ ಕೀ ಕೇಳಿದಾಗ ಇಲ್ಲ ಅಂತ ಒತ್ತಿ, ಅದೇ ಎಡಿಶನ್ ಹಾಕಿ, ನೆಟ್ ಸಿಕ್ಕಿದ ಮೇಲೆ ತಾನೇ ಆಕ್ಟಿವೇಟ್ ಆಗುತ್ತೆ, ಲೈಸೆನ್ಸ್ ಬೋರ್ಡಿಗೆ ಅಂಟಿರೋದು.

ಬಯಾಸಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಬೋರ್ಡ್ ಮಾತಾಡೋ ರೀತಿ) ಎಎಚ್‌ಸಿಐ ಇರ್ಲಿ, ಹೊಸ ಇನ್‌ಸ್ಟಾಲ್ ಆದ್ರೆ ಮೊದ್ಲೇ ಬದಲಾಯಿಸಿ. ಕ್ಲೋನ್ ಮಾಡಿದ್ದಾದ್ರೆ ಸೀದಾ ಬದಲಾಯಿಸಿದ್ರೆ ನೀಲಿ ಸ್ಕ್ರೀನ್ ಬರುತ್ತೆ. ಎಂಎಸ್‌ಕಾನ್ಫಿಗ್‌ನಲ್ಲಿ ಸೇಫ್ ಬೂಟ್ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ, ಬಯಾಸಲ್ಲಿ ಬದಲಾಯಿಸಿ, ಒಂದ್ಸಲ ಸೇಫ್ ಮೋಡಲ್ಲಿ ಒಳಗೆ ಹೋಗಿ ಟಿಕ್ ತೆಗೀರಿ, ಸರಿ ಆಗುತ್ತೆ.

ರ‍್ಯಾಮು

ಡಿಡಿಆರ್2, ಡಿಡಿಆರ್3 ಎರಡಕ್ಕೂ 240 ಪಿನ್ನೇ, ಆದ್ರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತೆ. ಕೂರ್ತಾ ಇಲ್ಲ ಅಂದ್ರೆ ಒತ್ಬೇಡಿ, ತಪ್ಪು ತಂದಿದ್ದೀರಿ. 2011-12ರ ಎಚ್61 ಬೋರ್ಡಲ್ಲಿ ಎರಡು ಸ್ಲಾಟು, ಒಟ್ಟು 16 ಜಿಬಿ ತನಕ ಹಿಡಿಯುತ್ತೆ. ಮನೆ ಕೆಲಸಕ್ಕೆ 8 ಸಾಕು, 4ರದ್ದು ಎರಡು ಹಾಕಿದ್ರೆ 8ರದ್ದು ಒಂದಕ್ಕಿಂತ ಚೂರು ಚುರುಕು. ಡಿಡಿಆರ್3 ಈಗ ಹೆಚ್ಚಾಗಿ ಸೆಕೆಂಡ್ ಹ್ಯಾಂಡೇ ಸಿಗೋದು, ರ‍್ಯಾಮ್ ಅಷ್ಟು ಬೇಗ ಸಾಯಲ್ಲ, ಧೈರ್ಯವಾಗಿ ತಗೊಳ್ಳಿ, ಆದ್ರೆ ವಾಪಸ್ ಕೊಡೋ ಮಾತು ಆಡ್ಕಂಡೇ ತಗೊಳ್ಳಿ. ರೇಟು ತಿಂಗಳಿಗೊಂದು ಥರ ಆಗಿದೆ, ಎರಡು ಕಡೆ ಕೇಳಿ ಹೊರಡಿ.

ಆನ್‌ಲೈನಲ್ಲಿ ತೀರಾ ಅಗ್ಗಕ್ಕೆ ಸಿಗೋ ಕೆಲವು ಡಿಡಿಆರ್3 ಪಟ್ಟಿ ಎಎಂಡಿ ಪ್ರೊಸೆಸರ್ ಬೋರ್ಡಿಗೆ ಮಾತ್ರ, ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಇಂಟೆಲ್ ಬೋರ್ಡಿಗೆ ಹಾಕಿದ್ರೆ ಸ್ಕ್ರೀನೇ ಬರಲ್ಲ. ನಾನು ಒಂದ್ಸಲ ಹಾಗೇ ಸಿಕ್ಕಾಕ್ಕಂಡಿದ್ದೆ. ಹಾಗೇ ಎಚ್61ಕ್ಕಿಂತ ಹಳೇ ಜಿ41 ಬೋರ್ಡಿದ್ರೆ, ಎರಡೂ ಕಡೆ ಎಂಟೆಂಟು, ಒಟ್ಟು 16 ಚಿಪ್ ಇರೋ 4 ಜಿಬಿ ಪಟ್ಟಿನೇ ಬೇಕು, ಎಂಟೇ ಚಿಪ್ಪಿಂದು ಅದಕ್ಕೆ ಅರ್ಥ ಆಗಲ್ಲ.

ಹಾಕುವಾಗ ಎರಡೂ ತುದಿ ಒತ್ತಿ, ಬದಿಯ ಕೊಕ್ಕೆ ಟಕ್ ಅನ್ಬೇಕು. ಮೊದ್ಲ ಸಲ ಆನ್ ಮಾಡಿದಾಗ ಸ್ಕ್ರೀನ್ ಬರ್ಲಿಲ್ಲ ಅಂದ್ರೆ ಹತ್ತರಲ್ಲಿ ಒಂಬತ್ತು ಸಲ ಸರಿ ಕೂತಿರಲ್ಲ ಅಷ್ಟೇ, ತೆಗೆದು ಹಾಕಿ. 8 ಜಿಬಿ ಹಾಕಿಯೂ ವಿಂಡೋಸಲ್ಲಿ 3 ಚಿಲ್ಲರೆ ಮಾತ್ರ ಕಂಡ್ರೆ ನಿಮ್ಮದು 32 ಬಿಟ್ ವಿಂಡೋಸ್, 64 ಬಿಟ್ಟಿಂದು ಹಾಕ್ಬೇಕು.

ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್

ಬೇಡ ಅಂತಾನೇ ನನ್ನ ಮಾತು. ಎಚ್61 ಇದ್ರೆ ಅದೇ 1155 ಸಾಕೆಟ್ಟಿನ (ಪ್ರೊಸೆಸರ್ ಕೂರೋ ಜಾಗ) ಐ5-3470 ಥರದ್ದು ಸೆಕೆಂಡ್ ಹ್ಯಾಂಡ್ ಸಿಗುತ್ತೆ, ಎರಡು ಕೋರಿಂದ ನಾಲ್ಕಾಗುತ್ತೆ, ವಿಡಿಯೋ ಎಡಿಟಿಂಗ್ ಮಾಡೋ ಸ್ಟುಡಿಯೋದವ್ರಿಗೆ ಪ್ರಯೋಜನ ಇದೆ. ಆದ್ರೆ ಎರಡನೇ ಜನರೇಶನ್ ಬೋರ್ಡಿಗೆ ಮೂರನೇದು ಹಾಕ್ಬೇಕಂದ್ರೆ ಬಯಾಸ್ ಅಪ್‌ಡೇಟ್ ಬೇಕಾಗ್ಬಹುದು, ಅದರ ನಡುವೆ ಕರೆಂಟ್ ಹೋದ್ರೆ ಬೋರ್ಡ್ ಮತ್ತೆ ಏಳೋದಿಲ್ಲ, ಮಳೆಗಾಲದಲ್ಲಿ ನಮ್ಮ ಕಡೆ ಯಾರಾದ್ರೂ ಬಯಾಸ್ ಅಪ್‌ಡೇಟ್ ಮಾಡ್ತಾರಾ ಮಾರಾಯ್ರೆ.

ಪ್ರೊಸೆಸರ್ ಬದಲಾಯಿಸದಿದ್ರೂ ಅದರ ಬಿಸಿ ಫ್ಯಾನಿಗೆ ದಾಟಿಸೋ ಪೇಸ್ಟ್ ಬದಲಾಯಿಸಿ. ಹತ್ತು ವರ್ಷದ ಪೇಸ್ಟ್ ಒಣಗಿ ಸುಣ್ಣ ಆಗಿರುತ್ತೆ. ಫ್ಯಾನ್ ತೆಗೆದು ಸ್ಪಿರಿಟ್ಟಲ್ಲಿ ಒರೆಸಿ, ನಡುವೆ ಒಂದು ತೊಗರಿಕಾಳಿನಷ್ಟು ಹೊಸ ಪೇಸ್ಟ್ ಇಟ್ಟು ಫ್ಯಾನ್ ಕೂರಿಸಿ, ನೀವು ಸವರೋದು ಬೇಡ, ಒತ್ತಿದಾಗ ತಾನೇ ಹರಡುತ್ತೆ. ಫ್ಯಾನಿನ ನಾಲ್ಕು ಕಾಲೂ ಕೂತಿದೆಯಾ ಅಂತ ಅಲ್ಲಾಡಿಸಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಗೇಮ್ ಆಡೋ ಹುಡುಗರ ಬಯಕೆ, ಹಾಕ್ಲೇಬೇಕಂದ್ರೆ ಬೇರೆ ಪವರ್ ವೈರ್ ಕೇಳದ ಜಿಟಿ 1030 ಥರದ್ದು ನೋಡಿ, 30 ವಾಟ್ ಸಾಕು ಅದಕ್ಕೆ. ದೊಡ್ಡ ಕಾರ್ಡಂದ್ರೆ ಎಸ್‌ಎಂಪಿಎಸ್ಸೂ ಹೊಸದು ಬೇಕು, ಅಗ್ಗದ ಪೆಟ್ಟಿಗೆ ಮೇಲೆ 450 ವಾಟ್ ಅಂತ ಬರೆದಿದ್ರೆ ನಂಬ್ಬೇಡಿ, ಕೈಯಲ್ಲಿ ಹಿಡಿದು ತೂಕ ನೋಡಿ, ಹಗುರ ಇದ್ರೆ ಅಲ್ಲೇ ಇಡಿ.

ಎಲ್ಲಿಗೆ ನಿಲ್ಸೋದು

ಡಿಡಿಆರ್2 ಕಾಲದ ಮಷೀನಾದ್ರೆ ಎಸ್‌ಎಸ್‌ಡಿ ಒಂದೇ ಹಾಕಿ, ಮುಂದೆ ಬೇರೆ ಕಂಪ್ಯೂಟರಿಗೆ ಅದನ್ನೇ ತಗಂಡು ಹೋಗ್ಬಹುದು, ರ‍್ಯಾಮಿಗೆ ಹಾಕಿದ ದುಡ್ಡು ಅಲ್ಲೇ ಮುಳುಗುತ್ತೆ. ಬೋರ್ಡೇ ಬದಲಾಯಿಸ್ಬೇಕು ಅಂತ ಬಂದ್ರೆ ಪ್ರೊಸೆಸರ್ ರ‍್ಯಾಮ್ ಎಲ್ಲಾ ಬದಲಾಗುತ್ತೆ, ಆವಾಗ ಆಫೀಸಿಂದ ಬಂದ ರೀಫರ್ಬಿಶ್ಡ್ (ಸರಿ ಮಾಡಿ ಮತ್ತೆ ಮಾರೋ) ಡೆಸ್ಕ್‌ಟಾಪ್ ನೋಡಿ, ಇಂಟೆಲ್ ಆದ್ರೆ ಎಂಟನೇ ಜನರೇಶನ್ನೋ ಮೇಲಿಂದೋ ಇರ್ಲಿ, ವಿಂಡೋಸ್ 11 ಅಧಿಕೃತವಾಗಿ ಅಲ್ಲಿಂದ ಶುರು.

ಆ ವಿಂಡೋಸ್ ವಿಷಯ ಹೇಳ್ಲೇಬೇಕು. ವಿಂಡೋಸ್ 10ರ ಮಾಮೂಲಿ ಸಪೋರ್ಟು, ಅಂದ್ರೆ ಸೇಫ್ಟಿ ಅಪ್‌ಡೇಟ್ ಬರೋದು, 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಳೇ ಐ3 ಐ5ಕ್ಕೆ 11 ಅಧಿಕೃತವಾಗಿ ಇಲ್ಲ. ಬ್ಯಾಂಕು, ಈಮೇಲ್ ಎಲ್ಲಾ ಇದ್ರಲ್ಲೇ ಮಾಡೋರಾದ್ರೆ ವಿಂಡೋಸ್ ಬದ್ಲಿಗೆ ಓಡೋ ಲಿನಕ್ಸ್ ಮಿಂಟ್ ಹಾಕಿ, ಎಕ್ಸ್‌ಎಫ್‌ಸಿಇ ಎಡಿಶನ್ ಹಗುರ, 4 ಜಿಬಿ ರ‍್ಯಾಮಲ್ಲೂ ಆರಾಮಾಗಿ ಓಡುತ್ತೆ, ದುಡ್ಡು ಕೊಡೋದಿಲ್ಲ, ಐಬಸ್ ಅನ್ನೋ ಟೈಪಿಂಗ್ ಸಾಫ್ಟ್‌ವೇರ್ ಹಾಕಿದ್ರೆ ನುಡಿಯಲ್ಲಿರೋ ಕೆಜಿಪಿ ಕೀಬೋರ್ಡಲ್ಲೇ ಕನ್ನಡ ಟೈಪ್ ಮಾಡ್ಬಹುದು. ದೊಡ್ಡಪ್ಪನಿಗೆ ನುಡಿ ಬಿಟ್ಟು ಬೇರೆ ಬೇಡ, ಹಾಗಾಗಿ ಎರಡೂ ಹಾಕಿದ್ದೇನೆ, ನುಡಿಗೆ ವಿಂಡೋಸ್, ನೆಟ್ಟಿಗೆ ಮಿಂಟ್. ಯಾವುದ್ರಲ್ಲಿ ಇದ್ದೇನೆ ಅಂತ ಅವ್ರಿಗೆ ಹಿಂದಿನ ಚಿತ್ರ ನೋಡಿ ಗೊತ್ತಾಗುತ್ತೆ, ಒಂದಕ್ಕೆ ತೋಟದ ಫೋಟೋ, ಇನ್ನೊಂದಕ್ಕೆ ಮೊಮ್ಮಗಳದ್ದು.

ಮುಚ್ಚೋ ಮೊದ್ಲು

ಹಳೇ ಹಾರ್ಡ್ ಡಿಸ್ಕ್ ಆರೋಗ್ಯ ನೀಲಿ ಇದ್ರೆ ಅದರ ಕೇಬಲ್ ಮತ್ತೆ ಹಾಕಿ, ಫೋಟೋ ಇಡೋಕೆ ಡಿ ಡ್ರೈವ್ ಆಗ್ಲಿ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಆಗಿದ್ರೆ ಅದನ್ನ ಪರೀಕ್ಷೆ ಮಾಡೋ ಮೆಮ್‌ಟೆಸ್ಟ್ ಪೆನ್‌ಡ್ರೈವಿಗೆ ಹಾಕಿ ರಾತ್ರಿ ಬಿಟ್ಟು ಮಲಗಿ, ಬೆಳಿಗ್ಗೆ ಕೆಂಪು ಗೆರೆ ಒಂದೇ ಒಂದು ಇದ್ರೂ ವಾಪಸ್ ಕೊಡಿ. ಕ್ಯಾಬಿನೆಟ್ ಸೀದಾ ನೆಲದ ಮೇಲೆ ಬೇಡ, ಸಣ್ಣ ಮಣೆ ಮೇಲೆ, ಮಣ್ಣಿನ ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆಗಾಲದಲ್ಲಿ ಕೆಲಸ ಇರ್ಲಿ ಬಿಡ್ಲಿ, ದಿನಾ ಅರ್ಧ ಗಂಟೆ ಆನ್ ಮಾಡಿ, ಒಳಗಿನ ಬಿಸಿಗೆ ತಂಡಿ ಹೋಗುತ್ತೆ, ವಾರಗಟ್ಲೆ ಪ್ಲಾಸ್ಟಿಕ್ ಕವರ್ ಮುಚ್ಚಿಟ್ರೆ ಬೂಸ್ಲು ಬರೋದು ಗ್ಯಾರಂಟಿ.

ಕೊನೇದು, ಬಾಗಿಲು ಹಾಕೋ ಮೊದ್ಲು ಒಂದು ಚೀಟೀಲಿ ತಾರೀಕು, ಯಾವ ರ‍್ಯಾಮ್ ಹಾಕಿದ್ದು, ಎಸ್‌ಎಸ್‌ಡಿ ಯಾವ್ದು, ಬಿಲ್ಲೆ ಬ್ಯಾಟರಿ ಬದಲಾಯಿಸಿದ್ದು ಯಾವಾಗ, ಬಯಾಸಿಗೆ ಹೋಗೋ ಕೀ ಯಾವ್ದು ಎಲ್ಲಾ ಬರೆದು ಬಾಗಿಲಿನ ಒಳಗಡೆ ಟೇಪ್ ಹಚ್ಚಿ ಅಂಟಿಸಿ. ಪೆನ್ನಲ್ಲಿ ಬರೀಬೇಡಿ, ತಂಡಿಗೆ ಶಾಯಿ ಹರಡುತ್ತೆ, ಪೆನ್ಸಿಲ್ಲಲ್ಲಿ ಬರೀರಿ.